ಜ್ವಾಲಾಮುಖಿಯ ಹೊಗೆಯಲ್ಲಿ ಹೊಸ ಕಣಗಳು ಹುಟ್ಟುವ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಕೂತು ಜ್ವಾಲಾಮುಖಿಯ ಹೊಗೆಯ ಲೆಕ್ಕ ಮಾಡುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಕಾಲೇಜಿನಲ್ಲಿ ಮಾತಾಡಿ ಮುಗಿಸಿದ ಮೇಲೆ, ಪತ್ರಗಳಲ್ಲಿ, ಕೆಲವೊಮ್ಮೆ ಉಡುಪಿ ಬಸ್ಸಿನಲ್ಲಿ ಕೂಡ. ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ. ಕೊನೆಯ ಭಾಗ ಮಾಡೆಲ್ ಬರೆಯುವವರಿಗೆ, ಉಳಿದವರು ಅದನ್ನು ಬಿಟ್ಟರೂ ನಷ್ಟವಿಲ್ಲ.

## ಶುರುವಿನ ಪ್ರಶ್ನೆಗಳು

ನಮ್ಮ ಊರಲ್ಲಿ ಎಂತ ಜ್ವಾಲಾಮುಖಿ ಉಂಟು ಮಾರಾಯ್ರೆ?

ಈಗ ಯಾವುದೂ ಇಲ್ಲ. ಒಂದು ಕಾಲದಲ್ಲಿ ಲಾವಾ ಹರಿದದ್ದು ನಿಜ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬ ನಿಲ್ಲಿಸಿದ ಹಾಗಿರುವ ಕಲ್ಲುಗಳು ಕಾಣುತ್ತವಲ್ಲ, ಅವು ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದ ಕಂಬಗಳು. ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಬೇರೆ ಬೇರೆಯಾಗುತ್ತಿದ್ದ ಸಮಯ ಅದು. ಅಲ್ಲಿ ಮತ್ತೆ ಸಿಡಿಯುತ್ತದೆ ಎಂದು ಹೆದರುವುದು ಬೇಡ, ನಿಶ್ಚಿಂತೆಯಿಂದ ಪಿಕ್ನಿಕ್ ಮಾಡಿ.

ದೇಶದಲ್ಲಿ ಜೀವಂತ ಜ್ವಾಲಾಮುಖಿ ಅಂತ ಇರುವುದು ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರ. ಬಹಳ ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎಚ್ಚರವಾಯಿತು. ನನ್ನ ಕೆಲಸಕ್ಕೆ ಬೆಟ್ಟ ಹತ್ತಿರ ಇರಲೇಬೇಕು ಅಂತಿಲ್ಲ. ಬೇರೆಯವರು ಅಳೆದ ಅಂಕಿ, ಒಂದು ಕಂಪ್ಯೂಟರ್, ಕರೆಂಟ್ ಹೋಗದಿದ್ದರೆ ಸಾಕು.

ಬೂದಿಯೇ ಕಣ ಅಲ್ವಾ? ಹೊಸ ಕಣ ಅಂದ್ರೆ ಎಂತದು?

ಬೂದಿ ಅಂದರೆ ಪುಡಿಯಾದ ಕಲ್ಲು ಮತ್ತು ಗಾಜು. ಅದು ಬೆಟ್ಟದ ಬಾಯಿಂದ ಕಣವಾಗಿಯೇ ಹೊರಗೆ ಬರುತ್ತದೆ. ದಪ್ಪ ಬೂದಿ ಕೆಲವು ಗಂಟೆಗಳಲ್ಲಿ ನೆಲಕ್ಕೆ ಬೀಳುತ್ತದೆ.

ನಾನು ಹೇಳುವ ಹೊಸ ಕಣ ಬೆಟ್ಟದ ಒಳಗೆ ಇರಲೇ ಇಲ್ಲ. ಬೆಟ್ಟ ಉಗುಳಿದ್ದು ಗ್ಯಾಸು. ಆ ಗ್ಯಾಸು ಗಾಳಿಯಲ್ಲಿ ಹೋಗುತ್ತಾ ಬದಲಾಗಿ, ಅದರ ಅಣುಗಳು ಒಂದಕ್ಕೊಂದು ಅಂಟಿ ಕಣವಾಗುತ್ತವೆ. ಹುಟ್ಟುವಾಗ ಅಗಲ ಒಂದೆರಡು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದೆರಡು ಪಾಲು. ಬೂದಿಯೆಲ್ಲ ಬಿದ್ದುಹೋದ ಮೇಲೂ, ಬೆಟ್ಟದಿಂದ ನೂರಾರು ಕಿಲೋಮೀಟರ್ ದೂರದಲ್ಲೂ ಇವು ಹುಟ್ಟಬಹುದು.

ಗ್ಯಾಸ್ ಹೇಗೆ ಕಣ ಆಗ್ತದೆ?

ಮುಖ್ಯ ಪಾತ್ರ ಸಲ್ಫರ್ ಡೈಆಕ್ಸೈಡಿನದು. ಬಿಸಿಲು ಇದ್ದಾಗ ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಚುರುಕಾದ ಅಣು ತಯಾರಾಗುತ್ತದೆ. ಅದು ಸಲ್ಫರ್ ಡೈಆಕ್ಸೈಡನ್ನು ಹಿಡಿಯುತ್ತದೆ. ಆಮೇಲೆ ಆಕ್ಸಿಜನ್ ಮತ್ತು ನೀರಾವಿಯ ಜೊತೆ ಎರಡು ಹೆಜ್ಜೆ, ಕೊನೆಗೆ ಸಲ್ಫ್ಯೂರಿಕ್ ಆಸಿಡ್. ಈ ಆಸಿಡ್‌ಗೆ ಆವಿಯಾಗಿ ಉಳಿಯುವ ಮನಸ್ಸೇ ಇಲ್ಲ. ನೀರು, ಅಮೋನಿಯಾ, ಇನ್ನೊಂದು ಆಸಿಡ್ ಅಣು, ಯಾವುದು ಸಿಕ್ಕಿದರೂ ಅಂಟಿಕೊಳ್ಳುತ್ತದೆ. ಸಣ್ಣ ಗುಂಪುಗಳು ಹುಟ್ಟುತ್ತವೆ, ಹೆಚ್ಚಿನವು ಮತ್ತೆ ಬಿಚ್ಚಿಹೋಗುತ್ತವೆ. ಒಂದು ಗಾತ್ರ ದಾಟಿದ್ದು ಮಾತ್ರ ಉಳಿದು ಬೆಳೆಯುತ್ತದೆ. ಇದಕ್ಕೆ ನ್ಯೂಕ್ಲಿಯೇಶನ್ ಅನ್ನುತ್ತಾರೆ.

ಒಂದು ಎಚ್ಚರಿಕೆ. ಮೋಡದ ಹನಿಯ ಒಳಗೂ ಸಲ್ಫರ್ ಡೈಆಕ್ಸೈಡ್ ಸಲ್ಫೇಟ್ (ಇದೇ ಆಸಿಡ್ ಅಥವಾ ಅದರ ಲವಣ) ಆಗುತ್ತದೆ, ಅದೂ ಬೇಗನೆ. ಆದರೆ ಅಲ್ಲಿ ಹೊಸ ಕಣ ಹುಟ್ಟುವುದಿಲ್ಲ, ಇರುವ ಕಣವೇ ದಪ್ಪಗಾಗುತ್ತದೆ. ಸಲ್ಫೇಟಿನ ತೂಕ ಬೇರೆ, ಕಣಗಳ ಸಂಖ್ಯೆ ಬೇರೆ. ಇಲ್ಲಿ ಮುಂದೆ ಬರುವುದೆಲ್ಲ ಸಂಖ್ಯೆಯ ಮಾತು.

2025ರಲ್ಲಿ ಇಥಿಯೋಪಿಯಾದ್ದು ಸಿಡಿದಾಗ ನಮ್ಮ ಮೇಲೂ ಬಂತಾ? ದುಬೈ ವಿಮಾನದವರೆಲ್ಲ ಹೆದರಿದ್ದರು.

ಹೈಲಿ ಗುಬ್ಬಿ ಸಿಡಿದದ್ದು 2025ರ ನವೆಂಬರ್ 23ರಂದು. ಹೊಗೆ ಸುಮಾರು 14 ಕಿ.ಮೀ. ಎತ್ತರಕ್ಕೆ ಹೋಯಿತು. ಕೆಂಪು ಸಮುದ್ರ, ಯೆಮನ್, ಒಮಾನ್ ದಾಟಿ ಮರುದಿನ ಗುಜರಾತ್, ರಾಜಸ್ಥಾನ, ದೆಹಲಿ ಕಡೆಗೆ ಬಂತು. ಗಲ್ಫ್ ಕಡೆಯ ಕೆಲವು ವಿಮಾನಗಳು ರದ್ದಾದವು. ಮುಖ್ಯ ಹರಿವು ಸಾಗಿದ್ದು ಉತ್ತರಕ್ಕೆ, ನಮ್ಮ ಕರಾವಳಿಯ ಮೇಲಲ್ಲ.

ನನ್ನಂಥವರಿಗೆ ಕುತೂಹಲ ಇದ್ದದ್ದು ಬೂದಿಯ ಬಗ್ಗೆ ಅಲ್ಲ, ಎತ್ತರದ ಬಗ್ಗೆ. ಅಷ್ಟು ಮೇಲೆ ಗಾಳಿ ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿನ ಚಳಿಯಲ್ಲಿರುತ್ತದೆ. ಹಳೆಯ ಕಣಗಳೂ ಕಡಿಮೆ. ಆಸಿಡ್ ಅಣುಗಳು ಒಟ್ಟಾಗಿ ಉಳಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕಣ್ಣಿಗೇ ಕಾಣದ ಕಣ. ಅದರಿಂದ ಯಾರಿಗೆ ಏನಾಗ್ಬೇಕು?

ಹುಟ್ಟಿದ ಗಾತ್ರದಲ್ಲೇ ಉಳಿದರೆ ಏನೂ ಆಗುವುದಿಲ್ಲ. 50ರಿಂದ 100 ನ್ಯಾನೋಮೀಟರ್ ಆಗುವಷ್ಟು ಬೆಳೆದರೆ ಅದರ ಸುತ್ತ ಮೋಡದ ಹನಿ ಕಟ್ಟಬಹುದು. ಅದೇ ನೀರು ಹೆಚ್ಚು ಕಣಗಳಿಗೆ ಹಂಚಿದರೆ ಹನಿ ಸಣ್ಣದಾಗುತ್ತದೆ, ಮೋಡ ಹೆಚ್ಚು ಬೆಳ್ಳಗಾಗಿ ಬಿಸಿಲನ್ನು ವಾಪಸು ಕಳಿಸುತ್ತದೆ. ಐಸ್‌ಲ್ಯಾಂಡಿನ ಹೊಲುಹ್ರೌನ್‌ನಲ್ಲಿ 2014ರ ಆಗಸ್ಟ್ ಕೊನೆಯಿಂದ 2015ರ ಫೆಬ್ರವರಿಯ ತನಕ ಲಾವಾ ಹರಿಯಿತು. ಆಗ ಉತ್ತರ ಅಟ್ಲಾಂಟಿಕ್ ಮೋಡಗಳ ಹನಿ ಸಣ್ಣದಾದದ್ದು ಉಪಗ್ರಹಕ್ಕೇ ಕಂಡಿತು. ಮೋಡದ ಒಟ್ಟು ನೀರು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಕೆಲವು ಹವಾಮಾನ ಮಾಡೆಲ್‌ಗಳು ನೀರೂ ಬದಲಾಗಬೇಕು ಎಂದು ಹೇಳುತ್ತಿದ್ದವು, ಅವಕ್ಕೆ ಅದೊಂದು ಪೆಟ್ಟು.

ಇನ್ನು ಮೇಲೆ ಹೋದರೆ ಪಿನಟುಬೊ. ಫಿಲಿಪ್ಪೀನ್ಸಿನ ಈ ಬೆಟ್ಟ 1991ರ ಜೂನ್‌ನಲ್ಲಿ ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ವಾಯುಮಂಡಲದ ಮೇಲಿನ ಪದರಕ್ಕೆ ಕಳಿಸಿತು. ಮುಂದಿನ ವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು.

## ಸ್ವಲ್ಪ ಒಳಗೆ

ಸಲ್ಫರ್ ಜಾಸ್ತಿ ಇದ್ದರೆ ಕಣವೂ ಜಾಸ್ತಿ, ಅಷ್ಟೇ ಅಲ್ವಾ?

ಅಲ್ಲ. ಎಲ್ಲ ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಇದೇ, ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಮದುವೆ ಊಟದಲ್ಲಿ ಪಂಕ್ತಿ ತುಂಬಿ ಕೂತಿದ್ದರೆ ಬಡಿಸುವ ಪಾಯಸವೆಲ್ಲ ಕೂತವರ ಎಲೆಗೇ ಹೋಗುತ್ತದೆ, ಹೊಸ ಪಂಕ್ತಿ ಏಳುವುದಿಲ್ಲ. ಆಸಿಡ್ ಆವಿಯದೂ ಅದೇ ಕತೆ. ಗಾಳಿಯಲ್ಲಿ ಆಗಲೇ ಬೂದಿ, ಸಮುದ್ರದ ಉಪ್ಪು, ಹಳೆಯ ಸಲ್ಫೇಟ್ ತುಂಬಿದ್ದರೆ ಆವಿ ಅವುಗಳ ಮೈಗೆ ಅಂಟಿ ಮುಗಿಯುತ್ತದೆ.

ಅಂಕಿ ಹಾಕಿ ನೋಡೋಣ. ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ನೂರು ಕೋಟಿಗೆ 10 ಪಾಲು ಇದೆ ಅನ್ನಿ. ಸಮುದ್ರ ಮಟ್ಟದಲ್ಲಿ ಒಂದು ಸಿಸಿ ಗಾಳಿಗೆ ಅದು ಸುಮಾರು 25,000 ಕೋಟಿ ಅಣು. ಹಗಲಿನ ಹೈಡ್ರಾಕ್ಸಿಲ್ ಒಂದು ಸಿಸಿಗೆ ಸುಮಾರು 10 ಲಕ್ಷ. ಇವೆರಡು ಸೇರುವ ವೇಗದ ಅಂಕಿ ಸುಮಾರು ಒಂದು ಲಕ್ಷ ಕೋಟಿಯಲ್ಲಿ ಒಂದು. ಮೂರನ್ನೂ ಗುಣಿಸಿದರೆ ಒಂದು ಸಿಸಿಯಲ್ಲಿ ಸೆಕೆಂಡಿಗೆ ಎರಡೂವರೆ ಲಕ್ಷ ಆಸಿಡ್ ಅಣು ಹುಟ್ಟುತ್ತವೆ.

ಗಾಳಿ ಶುದ್ಧವಾಗಿದ್ದರೆ ಒಂದು ಆಸಿಡ್ ಅಣು ಯಾವುದಾದರೂ ಕಣಕ್ಕೆ ಅಂಟುವ ಮೊದಲು ಸುಮಾರು 1,000 ಸೆಕೆಂಡ್ ಅಲೆಯುತ್ತದೆ. ಆಗ ಸಿಸಿಗೆ 25 ಕೋಟಿ ಅಣು ಜಮಾ ಆಗುತ್ತವೆ. ಬೂದಿ ದಟ್ಟವಾಗಿದ್ದು 10 ಸೆಕೆಂಡಿಗೇ ಅಂಟಿಬಿಟ್ಟರೆ ಜಮಾ ಆಗುವುದು ಬರೀ 25 ಲಕ್ಷ. ಸಲ್ಫರ್ ಒಂದೇ, ಬಿಸಿಲೂ ಒಂದೇ, ಆವಿ ಮಾತ್ರ ನೂರರಲ್ಲಿ ಒಂದು. ಕಣ ಹುಟ್ಟುವ ದರ ಆವಿಯ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದುಕೊಂಡರೆ ವ್ಯತ್ಯಾಸ ಹತ್ತು ಸಾವಿರ ಪಟ್ಟು.

ಇನ್ನೊಂದು ತೊಡಕು ಉಂಟು. ಹೊಗೆಯ ನಡುಭಾಗದಲ್ಲಿ ಸಲ್ಫರ್ ಡೈಆಕ್ಸೈಡ್ ಎಷ್ಟು ದಟ್ಟ ಅಂದರೆ ಹೈಡ್ರಾಕ್ಸಿಲ್ ಅಲ್ಲೇ ಖರ್ಚಾಗಿ ಹೋಗುತ್ತದೆ. ಜ್ವಾಲಾಮುಖಿಯ ಕ್ಲೋರಿನ್, ಬ್ರೋಮಿನ್ ಕೂಡ ಅಲ್ಲಿನ ರಸಾಯನವನ್ನು ಕೆಡಿಸುತ್ತವೆ. ಹಾಗಾಗಿ ಹೊಗೆಯ ಹೊಟ್ಟೆಗಿಂತ ಅಂಚಿನಲ್ಲಿ, ಹೊಸ ಗಾಳಿ ಬಂದು ಬೆರೆಯುವ ಕಡೆ ಕಣಗಳು ಹೆಚ್ಚು ಹುಟ್ಟಬಹುದು.

ರಾತ್ರಿ ಹುಟ್ಟುವುದಿಲ್ವಾ?

ಹೈಡ್ರಾಕ್ಸಿಲ್ ತಯಾರಾಗಲು ಬಿಸಿಲು ಬೇಕು. ಹಾಗಾಗಿ ಈ ದಾರಿಯಲ್ಲಿ ರಾತ್ರಿ ಹೆಚ್ಚುಕಮ್ಮಿ ರಜೆ. ಬೆಟ್ಟದ ಬಾಯಿಯ ಹತ್ತಿರದ ಬಿಸಿಯಲ್ಲಿ ಸ್ವಲ್ಪ ಸಲ್ಫೇಟ್ ನೇರವಾಗಿ ಆಗುತ್ತದೆ, ಅದಕ್ಕೆ ಹಗಲು ರಾತ್ರಿ ಭೇದ ಇಲ್ಲ.

ಇದನ್ನು ಯಾರಾದರೂ ಕಣ್ಣಾರೆ ಅಳೆದಿದ್ದಾರಾ, ಇಲ್ಲಾ ಬರೀ ಕಂಪ್ಯೂಟರ್ ಲೆಕ್ಕವಾ?

ಅಳೆದಿದ್ದಾರೆ. 2010ರಲ್ಲಿ ಐಸ್‌ಲ್ಯಾಂಡಿನ ಎಯಾಫ್ಯಾಟ್ಲಾಯೋಕುಟ್ಲ್ ಸಿಡಿದು ಯುರೋಪಿನ ವಿಮಾನಗಳೆಲ್ಲ ನಿಂತವಲ್ಲ, ಆಗ ಅದರ ಹೊಗೆ ಫ್ರಾನ್ಸಿನ ಪುಯ್ ದ ದೋಮ್ ಬೆಟ್ಟದ ವೀಕ್ಷಣಾಲಯದ ಮೇಲೆ ಹಾದುಹೋಯಿತು. ಹೊಸ ಕಣಗಳು ಹುಟ್ಟಿದ್ದನ್ನು ಅಲ್ಲಿ ದಾಖಲಿಸಿದರು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಪಿಟೋನ್ ದ ಲಾ ಫೂರ್ನೇಸ್ ಎಂಬ ಜ್ವಾಲಾಮುಖಿ ಇದೆ, ಅದೇ ದ್ವೀಪದ ಮಾಯ್ಡೊ ವೀಕ್ಷಣಾಲಯ ಸುಮಾರು 2,160 ಮೀಟರ್ ಎತ್ತರದಲ್ಲಿದೆ. 2015ರಲ್ಲಿ ಅಲ್ಲಿ ಹೊಗೆ ಬಂದ ದಿನಗಳಲ್ಲಿ ಕಣ ಹುಟ್ಟುವ ಘಟನೆಗಳು ಹೆಚ್ಚು ಕಂಡವು. ಇಟಲಿಯ ಎಟ್ನಾ, ಸ್ಟ್ರಾಂಬೋಲಿ ಹೊಗೆಯೊಳಗೆ ವಿಮಾನ ಹಾರಿಸಿಯೂ ಅಳೆದಿದ್ದಾರೆ.

ಇಷ್ಟು ಸಣ್ಣ ಕಣವನ್ನು ಎಣಿಸುವ ಉಪಾಯ ಚೆನ್ನಾಗಿದೆ. ಗಾಳಿಯನ್ನು ಬ್ಯುಟನಾಲ್ ಆವಿಯ ಒಳಗೆ ಕಳಿಸುತ್ತಾರೆ. ಒಂದೊಂದು ಕಣದ ಸುತ್ತ ಆವಿ ಕಟ್ಟಿ, ಬೆಳಕಿಗೆ ಕಾಣುವಷ್ಟು ದೊಡ್ಡ ಹನಿಯಾಗುತ್ತದೆ. ಆಮೇಲೆ ಹನಿ ಎಣಿಸಿದರಾಯಿತು.

ಉಪಗ್ರಹದಲ್ಲೇ ನೋಡಬಹುದಲ್ಲ, ಬೆಟ್ಟ ಹತ್ತೋದು ಯಾಕೆ?

ಉಪಗ್ರಹಕ್ಕೆ ಸಲ್ಫರ್ ಡೈಆಕ್ಸೈಡ್ ಕಾಣುತ್ತದೆ, ಬೆಳೆದ ಕಣಗಳ ಮಬ್ಬು ಕಾಣುತ್ತದೆ. ಎರಡು ನ್ಯಾನೋಮೀಟರಿನ ಕಣ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವೇ ಸುಮಾರು 400ರಿಂದ 700 ನ್ಯಾನೋಮೀಟರ್. ಅಂದರೆ ನಾಟಕದ ಮೊದಲ ಅಂಕ ಮತ್ತು ಕೊನೆಯ ಅಂಕ ಉಪಗ್ರಹಕ್ಕೆ ಸಿಗುತ್ತದೆ. ನಡುವಿನದನ್ನು ಮಾಡೆಲ್ ತುಂಬಿಸಬೇಕು.

ಪಡುಬಿದ್ರಿ ಕಡೆಯ ಕಲ್ಲಿದ್ದಲು ಸ್ಥಾವರದ ಹೊಗೆಗೂ ಇದೇ ಲೆಕ್ಕವಾ?

ಯಾವುದೇ ಕಲ್ಲಿದ್ದಲು ಹೊಗೆಗೂ ಮೂಲ ಸಮೀಕರಣ ಇದೇ. ಮುಖ್ಯ ವ್ಯತ್ಯಾಸ ನೈಟ್ರೋಜನ್ ಆಕ್ಸೈಡುಗಳದು. ಕಲ್ಲಿದ್ದಲು ಹೊಗೆಯಲ್ಲಿ ಅವು ಧಾರಾಳ, ಸುಮ್ಮನೆ ಗ್ಯಾಸು ಬಿಡುವ ಜ್ವಾಲಾಮುಖಿಯಲ್ಲಿ ಕಡಿಮೆ. ನೈಟ್ರಿಕ್ ಆಕ್ಸೈಡ್ ಹದವಾಗಿ ಇದ್ದರೆ ಖರ್ಚಾದ ಹೈಡ್ರಾಕ್ಸಿಲನ್ನು ಮತ್ತೆ ಹುಟ್ಟಿಸುತ್ತದೆ, ಅತಿಯಾದರೆ ಅದನ್ನು ನುಂಗುತ್ತದೆ. ಸ್ಥಾವರದ ಹೊಗೆಗೆ ಬರೆದ ಸೂತ್ರವನ್ನು ಹಾಗೇ ಎತ್ತಿ ಎಟ್ನಾಗೆ ಹಾಕಿದರೆ ಉತ್ತರ ದಾರಿ ತಪ್ಪುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಇನ್ನೂ ಒಂದು ಅಂಶ ಸೇರುತ್ತದೆ. ಕಡಲ ಗಾಳಿಯ ಉಪ್ಪಿನ ಕಣಗಳು ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಮೈ ದೊಡ್ಡದು, ಆವಿಯನ್ನು ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಎಲ್ಲವನ್ನೂ ಮಳೆ ತೊಳೆದುಬಿಡುತ್ತದೆ.

## ಮಾಡೆಲ್ ಬರೆಯುವವರಿಗೆ

ನ್ಯೂಕ್ಲಿಯೇಶನ್‌ಗೆ ಯಾವ ಸೂತ್ರ ಹಾಕಬೇಕು ಸರ್? ಒಂದೊಂದು ಪೇಪರಿನಲ್ಲಿ ಒಂದೊಂದು ಉಂಟು.

ಎತ್ತರ ನೋಡಿ ನಿರ್ಧರಿಸಿ. ಮೇಲಿನ ಚಳಿಯಲ್ಲಿ ಆಸಿಡ್ ಮತ್ತು ನೀರು ಎರಡೇ ಸಾಕು, ಶಾಸ್ತ್ರೀಯ ಸಿದ್ಧಾಂತದಿಂದ ಬಂದ ಸೂತ್ರ ಅಲ್ಲಿ ಸುಮಾರಾಗಿ ನಡೆಯುತ್ತದೆ. ನೆಲದ ಹತ್ತಿರ ಅದೇ ಸೂತ್ರ ಹಾಕಿದರೆ ಕಣವೇ ಹುಟ್ಟುವುದಿಲ್ಲ, ಆದರೆ ನಿಜದಲ್ಲಿ ಹುಟ್ಟುತ್ತವೆ. ಆ ವ್ಯತ್ಯಾಸ ತುಂಬಲು ಅಳತೆಯಿಂದ ಕಟ್ಟಿದ ಸರಳ ಸೂತ್ರಗಳು ಬಂದವು. ಕೆಲವು ದರವನ್ನು ಆಸಿಡ್‌ಗೆ ನೇರ ಅನುಪಾತ ಅನ್ನುತ್ತವೆ, ಕೆಲವು ಅದರ ವರ್ಗಕ್ಕೆ ಅನ್ನುತ್ತವೆ. ಅದರ ಗುಣಕ ಊರಿಂದ ಊರಿಗೆ ಬದಲಾಗುತ್ತದೆ. ಒಂದು ಕಡೆಯ ಗುಣಕವನ್ನು ಕಣ್ಣುಮುಚ್ಚಿ ಇನ್ನೊಂದು ಕಡೆ ಹಾಕಬೇಡಿ.

ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ 26 ಘನ ಮೀಟರಿನ ಒಂದು ಸ್ಟೀಲ್ ಕೋಣೆ ಇದೆ, ಪ್ರಯೋಗದ ಹೆಸರು ಕ್ಲೌಡ್. ಅವರು 2011ರಲ್ಲಿ ಪ್ರಕಟಿಸಿದ ಫಲಿತಾಂಶ ನೆನಪಿಡಿ. ಲಕ್ಷ ಕೋಟಿಗೆ 100 ಪಾಲು ಅಥವಾ ಅದಕ್ಕಿಂತಲೂ ಕಡಿಮೆ ಅಮೋನಿಯಾ ಸೇರಿದರೆ ಕಣ ಹುಟ್ಟುವ ದರ 100ರಿಂದ 1,000 ಪಟ್ಟು ಏರುತ್ತದೆ. ಕಾಸ್ಮಿಕ್ ಕಿರಣದಿಂದ ಬರುವ ಅಯಾನುಗಳು ಅದರ ಮೇಲೆ ಎರಡರಿಂದ ಹತ್ತು ಪಟ್ಟಿನಷ್ಟು ಸೇರಿಸುತ್ತವೆ. ನಿಮ್ಮ ಹೊಗೆ ಕಾಡು, ಹೊಲ, ಊರುಗಳ ಮೇಲೆ ಹಾದು ಬಂದಿದ್ದರೆ ಅಮೋನಿಯಾ ಎಷ್ಟೆಂದು ಮೊದಲು ಹುಡುಕಿ. ಆಮೇಲೆ ಸೂತ್ರದ ಜಗಳ.

ದರವನ್ನು ಹತ್ತು ಪಟ್ಟು ಮಾಡಿದೆ, ಆದರೂ ಸಂಜೆ ಹೊತ್ತಿಗೆ ಕಣಗಳು ಹೆಚ್ಚುಕಮ್ಮಿ ಅಷ್ಟೇ. ನನ್ನ ಕೋಡ್ ತಪ್ಪಾ?

ಬಹುಶಃ ಕೋಡ್ ಸರಿ ಇದೆ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸೇರಿಹೋಗುತ್ತವೆ, ಜನಸಂದಣಿ ಹೆಚ್ಚಿದಷ್ಟೂ ಬೇಗ. ಡಿಕ್ಕಿಯ ಗುಣಕ ಸೆಕೆಂಡಿಗೆ ನೂರು ಕೋಟಿಯಲ್ಲಿ ಒಂದು ಸಿಸಿ ಎಂದಿಟ್ಟುಕೊಳ್ಳಿ. ಸಿಸಿಗೆ 10 ಲಕ್ಷ ಕಣದಿಂದ ಶುರು ಮಾಡಿದರೆ ಮೂರು ಗಂಟೆಯ ನಂತರ ಸುಮಾರು 85,000 ಉಳಿಯುತ್ತವೆ. 1 ಕೋಟಿಯಿಂದ ಶುರು ಮಾಡಿದರೆ ಸುಮಾರು 92,000. ಆರಂಭದ ಹತ್ತು ಪಟ್ಟು ವ್ಯತ್ಯಾಸ ನೂರಕ್ಕೆ ಎಂಟರಷ್ಟಕ್ಕೆ ಇಳಿಯಿತು.

ಹೀಗಿರುವಾಗ ಸೂತ್ರದ ಆಯ್ಕೆಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ನನಗೆ ಅನ್ನಿಸುತ್ತದೆ. ದಟ್ಟ ಹೊಗೆಯಲ್ಲಿ ಕೊನೆಯ ಸಂಖ್ಯೆಯನ್ನು ಹಿಡಿದಿಡುವುದು ಡಿಕ್ಕಿ, ಬೆಳವಣಿಗೆ, ಹೊರಗಿನ ಗಾಳಿಯ ಬೆರಕೆ. ಹುಟ್ಟಿನ ದರ ನಿಜಕ್ಕೂ ಮುಖ್ಯವಾಗುವುದು ತೆಳುವಾದ ಹೊಗೆಯಲ್ಲಿ.

ಗ್ಲೋಬಲ್ ಮಾಡೆಲಿನ ಒಂದು ಚೌಕ 100 ಕಿ.ಮೀ. ಹೊಗೆ ಇರುವುದು ಒಂದೆರಡು ಕಿ.ಮೀ. ಇದು ಸರಿ ಹೋಗ್ತದಾ?

ತಾನಾಗಿಯೇ ಸರಿ ಹೋಗುವುದಿಲ್ಲ. ದೊಡ್ಡ ತಪ್ಪು ನುಸುಳುವುದೇ ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಹೊಗೆಯನ್ನು ನೂರು ಪಟ್ಟು ದೊಡ್ಡ ಜಾಗಕ್ಕೆ ಒಮ್ಮೆಗೇ ಹರಡಿದಿರಿ ಅನ್ನಿ. ಆಸಿಡ್ ಆವಿ ನೂರನೇ ಒಂದಾಗುತ್ತದೆ. ದರ ವರ್ಗದಂತೆ ಹೋಗುವುದಾದರೆ ಸಿಸಿಯೊಂದರಲ್ಲಿ ಹುಟ್ಟುವ ಕಣ ಹತ್ತು ಸಾವಿರದ ಒಂದು. ಜಾಗ ನೂರು ಪಟ್ಟು ಇರುವುದರಿಂದ ಒಟ್ಟು ಕಣ ನೂರನೇ ಒಂದು. ಇದು ಒಂದು ದಿಕ್ಕಿನ ತಪ್ಪು. ಇನ್ನೊಂದು ದಿಕ್ಕಿನಲ್ಲಿ, ನಿಜವಾದ ಹೊಗೆಯೊಳಗೆ ಹೈಡ್ರಾಕ್ಸಿಲ್ ಬರಿದಾಗಿರುತ್ತದೆ, ಬೂದಿ ಆವಿಯನ್ನು ನುಂಗುತ್ತಿರುತ್ತದೆ, ಡಿಕ್ಕಿಯೂ ಜೋರು. ಹರಡಿದ ಚೌಕದಲ್ಲಿ ಅದೊಂದೂ ಕಾಣುವುದಿಲ್ಲ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂದ ಹಾಗೆ ಕಾಣಬಹುದು. ಅಂಥ ಸರಿಯನ್ನು ನಂಬಬೇಡಿ.

ಬಹಳ ಮಾಡೆಲ್‌ಗಳು ಇದಕ್ಕೆ ಅಡ್ಡದಾರಿ ಹಿಡಿಯುತ್ತವೆ. ಹೊರಬಿದ್ದ ಸಲ್ಫರಿನಲ್ಲಿ ನೂರಕ್ಕೆ 2.5ರಷ್ಟು ಮೊದಲೇ ಸಲ್ಫೇಟ್ ಕಣವಾಗಿದೆ ಎಂದು ಒಂದು ಗಾತ್ರ ಕೊಟ್ಟು ಸೇರಿಸಿಬಿಡುತ್ತವೆ. ಕೆಲಸ ನಡೆಯುತ್ತದೆ, ಆದರೆ ಹಗಲೋ ರಾತ್ರಿಯೋ, ಗಾಳಿ ಶುದ್ಧವೋ ಕೊಳಕೋ ಎಂಬುದನ್ನು ಆ ಅಂಕಿ ಕೇಳುವುದೇ ಇಲ್ಲ. ಹೊಗೆಯ ಜೊತೆಗೇ ಸಾಗುವ ಚಿಕ್ಕ ಮಾಡೆಲ್ ಒಂದನ್ನು ಬೇರೆಯಾಗಿ ಓಡಿಸಿ, ಅದರ ಫಲವನ್ನು ಬಿಸಿಲು, ಹಿನ್ನೆಲೆ ಕಣ, ಗಾಳಿಯ ವೇಗಗಳಿಗೆ ತಕ್ಕಂತೆ ಸೂತ್ರವಾಗಿಸಿ ಚೌಕಕ್ಕೆ ಕೊಡುವುದು ಇದಕ್ಕಿಂತ ಒಳ್ಳೆಯ ದಾರಿ.

ಟೈಮ್ ಸ್ಟೆಪ್ ಬದಲಿಸಿದರೆ ಕಣಗಳ ಸಂಖ್ಯೆಯೂ ಬದಲಾಗ್ತದೆ. ಯಾಕೆ?

ಹುಟ್ಟು ಮತ್ತು ಬೆಳವಣಿಗೆ ಎರಡೂ ಒಂದೇ ಆಸಿಡ್‌ಗೆ ಕೈ ಹಾಕುತ್ತವೆ. ನಿಮ್ಮ ಕೋಡಿನಲ್ಲಿ ಅರ್ಧ ಗಂಟೆಯ ಹೆಜ್ಜೆಗೆ ಮೊದಲು ಬೆಳವಣಿಗೆ ನಡೆದರೆ ಆಸಿಡೆಲ್ಲ ಹಳೆಯ ಕಣಗಳ ಪಾಲು, ಹುಟ್ಟಿಗೆ ಉಳಿಯುವುದಿಲ್ಲ. ಮೊದಲು ಹುಟ್ಟು ನಡೆದರೆ ಕಣಗಳು ವಿಪರೀತ. ಎರಡನ್ನೂ ಒಟ್ಟಿಗೆ ಬಿಡಿಸಿ, ಅಥವಾ ಒಳಗೆ ಚಿಕ್ಕ ಹೆಜ್ಜೆ ಹಾಕಿ. ಆವಿ ಎಷ್ಟು ಸೆಕೆಂಡ್ ಬದುಕುತ್ತದೋ ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟು ಸುಮ್ನೆ ಉತ್ತರ ನಂಬಬಾರದು.

ಮೋಡ್ ಒಳ್ಳೆಯದಾ, ಬಿನ್ ಒಳ್ಳೆಯದಾ?

ಒಂದೇ ಹೊಗೆಯನ್ನು ಹಿಂಬಾಲಿಸುವುದಾದರೆ ಬಿನ್, ಅಂದರೆ ಗಾತ್ರಗಳನ್ನು ಹಲವು ಡಬ್ಬಿಗಳಾಗಿ ಹಂಚುವುದು. ಪ್ರತಿ ಡಬ್ಬಿಯಲ್ಲಿ ಸಂಖ್ಯೆ, ತೂಕ ಎರಡನ್ನೂ ಇಟ್ಟರೆ ಇನ್ನೂ ಒಳ್ಳೆಯದು. ನೂರು ವರ್ಷದ ಹವಾಮಾನ ಓಡಿಸುವವರಿಗೆ ಅದು ದುಬಾರಿ, ಅವರು ಮೋಡ್ ಬಳಸಲಿ, ಅಂದರೆ ಎಲ್ಲ ಗಾತ್ರಗಳನ್ನು ಗಂಟೆಯಾಕಾರದ ಕೆಲವೇ ಗುಂಪುಗಳಾಗಿ ಹಿಡಿಯುವುದು.

ಪುಸ್ತಕದಲ್ಲಿ ಇರುವ ಬಾಳೆಹಣ್ಣಿನ ಆಕಾರ ನನ್ನ ಚಿತ್ರದಲ್ಲಿ ಬರ್ತಾನೇ ಇಲ್ಲ.

ಬರಬೇಕಾಗಿಯೂ ಇಲ್ಲ. ಸಮಯಕ್ಕೆ ಎದುರಾಗಿ ಗಾತ್ರದ ಚಿತ್ರ ಬರೆದಾಗ ಬಾಳೆಹಣ್ಣು ಮೂಡಬೇಕಾದರೆ ನೂರಾರು ಕಿಲೋಮೀಟರ್ ಉದ್ದಕ್ಕೂ ಒಂದೇ ಬಗೆಯ ಗಾಳಿ ಇದ್ದು, ಎಲ್ಲ ಕಡೆ ಒಟ್ಟಿಗೆ ಕಣ ಹುಟ್ಟಿರಬೇಕು. ಜ್ವಾಲಾಮುಖಿಯ ಹೊಗೆ ಕಿರಿದಾದ ಪಟ್ಟಿ. ಗಾಳಿ ಸ್ವಲ್ಪ ತಿರುಗಿದರೆ ವೀಕ್ಷಣಾಲಯಕ್ಕೆ ತುಂಡು ತುಂಡಾಗಿ ಸಿಗುತ್ತದೆ. ಹೊಗೆಯ ವಯಸ್ಸಿಗೆ ಎದುರಾಗಿ ಚಿತ್ರ ಬರೆದು ನೋಡಿ, ಬೆಳವಣಿಗೆ ಅಲ್ಲಿ ಕಂಡೀತು.

ಟೋಂಗಾದ್ದು ಅಷ್ಟು ದೊಡ್ಡದು ಸಿಡಿದರೂ ಭೂಮಿ ತಂಪಾಗಲಿಲ್ಲ ಯಾಕೆ?

2022ರ ಜನವರಿ 15ರಂದು ಸಿಡಿದ ಹುಂಗಾ ಟೋಂಗಾದಲ್ಲಿ ಸಲ್ಫರ್ ಡೈಆಕ್ಸೈಡ್ ಪಿನಟುಬೊದ ಹತ್ತನೇ ಒಂದು ಪಾಲೂ ಇರಲಿಲ್ಲ. ಇದ್ದದ್ದು ನೀರು, ಸುಮಾರು 15 ಕೋಟಿ ಟನ್. ಮಾಡೆಲ್ ಮಾಡುವವರಿಗೆ ಅದೇ ಸ್ವಾರಸ್ಯ. ಆ ಎತ್ತರದಲ್ಲಿ ನೀರು ಹೆಚ್ಚಾದರೆ ಹೈಡ್ರಾಕ್ಸಿಲ್ ಹೆಚ್ಚುತ್ತದೆ, ಸಲ್ಫರ್ ಮಾಮೂಲಿಗಿಂತ ಬೇಗ ಆಸಿಡ್ ಆಗುತ್ತದೆ. ನೀರಿನ ಲೆಕ್ಕ ಬಿಟ್ಟು ಓಡಿಸಿದ ಮಾಡೆಲ್ ಹಿಂದೆ ಬೀಳುತ್ತದೆ.

ಹಾಗೆಂದು ಸಲ್ಫರ್ ಎರಡು ಪಟ್ಟಾದರೆ ತಂಪೂ ಎರಡು ಪಟ್ಟಾಗುತ್ತದೆ ಅಂತಲೂ ಇಲ್ಲ. ಮೇಲಿನ ಪದರದಲ್ಲಿ ಸಲ್ಫರ್ ಜಾಸ್ತಿಯಾದಂತೆ ಕಣಗಳು ದಪ್ಪಗಾಗುತ್ತವೆ. ದಪ್ಪ ಕಣ ತೂಕಕ್ಕೆ ಹೋಲಿಸಿದರೆ ಬಿಸಿಲನ್ನು ಕಡಿಮೆ ಚದುರಿಸುತ್ತದೆ, ಬೇಗ ಕೆಳಗಿಳಿಯುತ್ತದೆ.

ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡ್ತಾ ಇದ್ದೇನೆ. ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಆಗ್ತದಾ?

ಧಾರಾಳ ಆಗುತ್ತದೆ. ಗಾಳಿಯ ಒಂದು ತುಂಡನ್ನು ಮಾತ್ರ ಹಿಡಿದು ಪೈಥಾನ್‌ನಲ್ಲಿ ಬಾಕ್ಸ್ ಮಾಡೆಲ್ ಬರೆಯಿರಿ. ಮೊದಲು ಬರೀ ಸಲ್ಫರ್ ಡೈಆಕ್ಸೈಡ್, ಹೈಡ್ರಾಕ್ಸಿಲ್, ಆಸಿಡ್. ಹೈಡ್ರಾಕ್ಸಿಲ್ 10 ಲಕ್ಷದಲ್ಲೇ ನಿಂತರೆ ಸಲ್ಫರ್ ಡೈಆಕ್ಸೈಡಿನ ಆಯಸ್ಸು 11–12 ದಿನ ಬರಬೇಕು, ಬಾರದಿದ್ದರೆ ಮುಂದೆ ಹೋಗಬೇಡಿ. ಆಮೇಲೆ ಹುಟ್ಟು, ಆಮೇಲೆ ಬೆಳವಣಿಗೆ. ಆಸಿಡ್ ಆವಿ ಸಿಸಿಗೆ 1 ಕೋಟಿ ಇದ್ದಾಗ ಕಣ ಗಂಟೆಗೆ ಸುಮಾರು ಒಂದು ನ್ಯಾನೋಮೀಟರ್ ಬೆಳೆಯಬೇಕು. ನಂತರ ಡಿಕ್ಕಿ, ಕೊನೆಗೆ ಹೊರಗಿನ ಗಾಳಿಯ ಬೆರಕೆ. ಬೆರಕೆಯ ವೇಗವನ್ನು ಬೇಕಾದ ಹಾಗೆ ಬದಲಿಸಿ ಒಂದು ರಾಶಿ ರನ್ ಮಾಡಿ. ಪ್ರಾಜೆಕ್ಟಿನ ಸಾರ ಇರುವುದು ಆ ರನ್‌ಗಳಲ್ಲೇ. ಬೂದಿಯನ್ನು ಎರಡನೇ ಸೆಮಿಸ್ಟರಿಗೆ ಇಟ್ಟುಕೊಳ್ಳಿ.